ಇನ್ನೊಂದು ರಾತ್ರಿ ಕುರಿ ಇರಲಿ

ಈ ವಾರ ನನ್ನ ಹೊಲಕ್ಕೆ ಅಜೀರ್ಣವಾಗುವುದರಲ್ಲಿತ್ತು. ನಗಬೇಡಿ. ತಪ್ಪು ಹೊಲದ್ದಲ್ಲ, ಉಣಿಸಿದವನದು.

ನಮ್ಮ ಗೊಬ್ಬೂರಿಗೆ ಬೇಸಿಗೆಯಲ್ಲಿ ಕುರುಬರು ಬರುತ್ತಾರೆ. ಹಗಲೆಲ್ಲ ಮೇಯಿಸಿದ ಕುರಿಗಳನ್ನು ರಾತ್ರಿ ಒಬ್ಬರ ಹೊಲದಲ್ಲಿ ಬಲೆ ಕಟ್ಟಿ ತರುಬುತ್ತಾರೆ. ಹಿಕ್ಕೆಯೆಲ್ಲ ನೆಲಕ್ಕೆ, ಒಂದಿಷ್ಟು ಜೋಳ ಕುರುಬರಿಗೆ. ಯಾರ ಹೊಲದಲ್ಲಿ ಕುರಿಯೋ ಅವರ ಮನೆಯದೇ ರೊಟ್ಟಿ. ಆ ಹೊಲ ಮುಗಿದರೆ ಮಂದೆ ಪಕ್ಕದವರ ಹೊಲಕ್ಕೆ ಹೋಗಬೇಕು. (ಪೇಟೆಯಲ್ಲಿ ಈಗ ಚೀಲದ ಗೊಬ್ಬರದ ಮಾತು ಕೇಳಿಬರುತ್ತಿದೆ. ಆ ಚೀಲ ಸಂಜೆ ನಿಮ್ಮ ಜೊತೆ ಕೂತು ರೊಟ್ಟಿ ತಿನ್ನುತ್ತದೆಯೇ?)

ಕುರುಬರ ಬೀರಪ್ಪ ತಿಂದ. ನನ್ನ ಮನೆಯಾಕೆ ತೀರಿಹೋದ ಮೇಲೆ ನನ್ನೆದುರು ಕೂತು ರೊಟ್ಟಿ ಮುರಿದ ಮೊದಲ ಮನುಷ್ಯ. ಈ ಮಹಾಯುದ್ಧ ಶುರುವಾದಾಗಿನಿಂದ ಸೀಮೆಎಣ್ಣೆ ಇಲ್ಲ, ಊರು ಹೊತ್ತು ಮುಳುಗುತ್ತಲೇ ಬಾಗಿಲು ಹಾಕುತ್ತದೆ. ಬೀರಪ್ಪನಿಗೋ ಭೀಮೆಯಾಚೆಯ ಮಳೆ, ತೋಳ, ಕುಂಟ ಟಗರು ಎಲ್ಲದರ ಮೇಲೂ ಮಾತು. ಶಾಲೆ ಮಾಸ್ತರನಾದ ನಾನು ಬರೀ ಹೂಂಗುಟ್ಟಿದೆ. ಎಷ್ಟು ಹಿತವಾಗಿತ್ತು ಗೊತ್ತೆ?

ಹೊಲ ಮುಗಿಯಿತು. ಮೂಲೆಯಲ್ಲಿ ತೆಳ್ಳಗಾಗಿದೆ, ಇನ್ನೊಂದು ರಾತ್ರಿ ಇರಲಿ ಎಂದೆ. ಮರುದಿನ ಒಡ್ಡಿನ ಪಕ್ಕ ಕಸುವಿಲ್ಲ ಎಂದೆ. ಆಮೇಲೆ ನೆಪ ಹುಡುಕುವುದನ್ನೂ ಬಿಟ್ಟು ಹೆಚ್ಚಿಗೆ ಜೋಳ ಕೊಟ್ಟೆ.

ಬೀರಪ್ಪ ಹಿಕ್ಕೆಯನ್ನು ಕಾಲಿನಿಂದ ಸರಿಸಿ ನೋಡಿದ. "ಸಾಕ್ರಿ ಮಾಸ್ತರ. ಹೊಲದ ಹೊಟ್ಟಿ ತುಂಬ್ಯಾದ. ಇನ್ನೂ ಹಾಕಿದ್ರ ಬೆಳಿ ಸುಡ್ತದ್ರಿ."

ಮಳೆ ನಂಬಿದ ಎರೆಮಣ್ಣಿಗೆ ಅತಿ ಗೊಬ್ಬರ ಆಗಿಬರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೇ? ಅಪ್ಪನ ಕಾಲದಿಂದ ಗೊತ್ತು. ಗೊತ್ತಿದ್ದೂ ಕುರಿ ನಿಲ್ಲಿಸಿಕೊಂಡೆ.

ಇದನ್ನು ಕಂಡು ಸುಮ್ಮನಿರದವಳು ಶಾಂತವ್ವ. ಒಡ್ಡಿನಾಚೆಯ ಕಲ್ಲುಮಣ್ಣಿನ ಗರಸು ಹೊಲ ಅವಳದು, ಮುಂದಿನ ಪಾಳಿಯೂ ಅವಳದೇ. ಒಮ್ಮೆ ಮಳೆ ಬಿದ್ದು ನೆಲ ಹಸಿಯಾಯಿತೆಂದರೆ ಕುರಿ ನಿಲ್ಲುವುದಿಲ್ಲ, ಕುರುಬರು ಊರು ಬಿಡುತ್ತಾರೆ. ಒಡ್ಡಿನ ಮೇಲೆ ನಿಂತೇ ಕೇಳಿದಳು.

"ಮಾಸ್ತರ, ಮಿರಗದ ಮಳಿ ಹತ್ರ ಬಂತ್ರಿ. ನನ್ನ ಹೊಲ ಉಪಾಸ ಕೂತದ. ಕುರಿ ಕಳಸ್ತೀರೋ ಇಲ್ಲೋ? ನಿಮಗ ಗೊಬ್ಬರ ಬೇಕಾಗ್ಯಾದೋ, ಮಂದಿ ಬೇಕಾಗ್ಯಾರೋ?"

ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಂಕಟವಾಯಿತು. ನಾನೇ ಹೋಗಿ ಕುರಿಬಲೆಯ ಗೂಟ ಕಿತ್ತುಕೊಟ್ಟೆ.

ಈಗ ಸಂಜೆಯಾದರೆ ಒಡ್ಡಿನಾಚೆ ಬೀರಪ್ಪನ ಮಾತು ಕೇಳಿಸುತ್ತದೆ, ಶಾಂತವ್ವನ ಮನೆಯವರ ನಗುವೂ. ಕುಂಟ ಟಗರಿನ ಕಥೆಯೇ ಇರಬೇಕು. ನಾನು ಒಬ್ಬನೇ ಉಣ್ಣುತ್ತೇನೆ.

ಹೊರಡುವಾಗ ಬೀರಪ್ಪನನ್ನು ಕೇಳಿದ್ದೆ, ನನ್ನ ಹೊಲಕ್ಕೆ ಮತ್ತೆ ಯಾವಾಗ ಎಂದು.

"ಕುರಿ ಗೊಬ್ಬರದ ಕಸುವು ಮೂರು ವರ್ಷ ಇರ್ತದ್ರಿ. ಆಮ್ಯಾಲ ಬರ್ತೇವ್ರಿ."

ಹೊಲ ಮೂರು ವರ್ಷ ತಡೆದೀತು. ನಾನು?