ತವರಲ್ಲಿ ಹಾಕಿಸಿದ ಇಂಜೆಕ್ಷನ್

ನನ್ನ ಗಂಡನ ಅಕ್ಕ ಗರ್ಭಕೋಶದ ಬಾಯಿಯ ಕ್ಯಾನ್ಸರಿನಿಂದ ಸತ್ತದ್ದು ಎರಡು ಸಾವಿರದ ಒಂಬತ್ತರ ಸುಮಾರಿಗೆ. ಮೈಸೂರಿನ ಆಸ್ಪತ್ರೆಯಲ್ಲಿ ಅವರ ಬಟ್ಟೆ ಒಗೆದವರು ನಾವಿಬ್ಬರೇ, ನಾನು ಮತ್ತು ನನ್ನ ಓರಗಿತ್ತಿ. ಅವಳು ನನಗಿಂತ ದೊಡ್ಡವಳು. ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ, ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಮನಸ್ಸಿಲ್ಲ. ಈ ಕಾಯಿಲೆ ತಡೆಯುವ ಇಂಜೆಕ್ಷನ್ ಈಗ ಬಂದಿದೆ, ಹೆಣ್ಣುಮಕ್ಕಳಿಗೆ ಚಿಕ್ಕವರಿರುವಾಗಲೇ, ಕೆಲವು ತಿಂಗಳ ಅಂತರದಲ್ಲಿ ಮೂರು ಸಲ ಹಾಕಿಸಿ ಎಂದು ಅಲ್ಲಿನ ಡಾಕ್ಟರಮ್ಮ ನಮಗೆ ಹೇಳಿದ್ದರು. ನಮಗಿಬ್ಬರಿಗೂ ಒಬ್ಬೊಬ್ಬಳೇ ಮಗಳು. ಇಬ್ಬರಿಗೂ ಒಟ್ಟಿಗೇ ಹಾಕಿಸೋಣ ಎಂದು ನಲ್ಲಿಯ ಹತ್ತಿರ ನನ್ನ ಕೈ ಹಿಡಿದು ಹೇಳಿದವಳು ಅವಳೇ.

ಪಿರಿಯಾಪಟ್ಟಣದ ಪಕ್ಕದ ನಮ್ಮೂರಲ್ಲಿ ಆ ವರ್ಷ ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿತ್ತು, ದುಡ್ಡಿನ ನೆಪ ಯಾರೂ ಹೇಳುವಂತಿರಲಿಲ್ಲ. ಮಾತೆತ್ತಿದ್ದು ನಾನು. ಮಗಳನ್ನು ಕಳೆದುಕೊಂಡಿದ್ದ ಅತ್ತೆ ಅರ್ಧ ಮನಸ್ಸಿನಲ್ಲೇ ಹಿರಿಸೊಸೆಯ ಮುಖ ನೋಡಿದರು. ಅವಳು ಹೂಂ ಎಂದಿದ್ದರೆ ಆಗಿಹೋಗುತ್ತಿತ್ತು.

"ಬ್ಯಾಡ ಕಣತ್ತೆ. ನಾಳೆ ಗಂಡಿನ ಕಡೆಯೋರು ಯಾಕ್ ಆಕ್ಸಿದ್ರಿ ಅಂತ ಕೇಳಿದ್ರೆ ಏನಂತ ಏಳದು?" ಅಂದಳು.

ದೊಡ್ಡವಳ ಮಗಳಿಗೇ ಬೇಡವೆಂದ ಮೇಲೆ ನಿನಗೇನು ಅವಸರ ಎಂದು ನನ್ನ ಗಂಡನೂ ಬಾಯಿ ಮುಚ್ಚಿಸಿದ.

ನಮ್ಮ ಕಡೆ ಸೊಸೆಯಂದಿರಿಗೆ ಒಂದು ಸಲಿಗೆ ಉಂಟು. ಗಂಡನ ಮನೆಯಲ್ಲಿ ಪ್ರತಿಯೊಂದಕ್ಕೂ ಅತ್ತೆಯ ಅಪ್ಪಣೆ ಬೇಕು, ತವರಿಗೆ ಹೋದಾಗ ಮಾಡಿದ್ದನ್ನು ಮಾತ್ರ ಯಾರೂ ಕೆದಕುವುದಿಲ್ಲ. ಅವಳ ತವರು ಕೆ.ಆರ್. ನಗರ, ಅಲ್ಲಿಂದ ಮೈಸೂರು ಹತ್ತಿರ. ನನ್ನದು ಅಂತರಸಂತೆ. ಅಲ್ಲಿ ಜ್ವರ ಬಂದರೂ ತಾಲ್ಲೂಕು ಆಸ್ಪತ್ರೆಗೆಂದು ಕೋಟೆಯ ಬಸ್ಸು ಹತ್ತಬೇಕು.

ದಸರಾ ರಜೆಗೆ ಅವಳು ಮಗಳೊಂದಿಗೆ ತವರಿಗೆ ಹೋಗಿಬಂದಳು. ಮಾರನೆಯ ದಿನ ಆ ಹುಡುಗಿಗೆ ಎಣ್ಣೆ ಹಚ್ಚುತ್ತಿದ್ದೆ. ಮನೆಯ ಹೆಣ್ಣುಮಕ್ಕಳಿಬ್ಬರಿಗೂ ತಲೆಗೆ ನೀರು ಹಾಕುವ ಕೆಲಸ ನನ್ನದೇ. ತೋಳು ಒತ್ತಿದ್ದೇ ತಡ, ಮುಖ ಕಿವುಚಿ ಕೈ ಎಳೆದುಕೊಂಡಳು. ಇಂಜೆಕ್ಷನ್ ಕೊಟ್ಟವ್ರೆ, ಅವ್ವ ಯಾರಿಗೂ ಹೇಳಬೇಡ ಅಂದವ್ಳೆ ಎಂದು ಮೆಲ್ಲಗೆ ಹೇಳಿದಳು. ಯಾವ ಇಂಜೆಕ್ಷನ್ ಎಂದು ನಾನು ಕೇಳಲಿಲ್ಲ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದೆ ಓರಗಿತ್ತಿಯನ್ನು ಹಿಡಿದು ನಿಲ್ಲಿಸಿದೆ. ಸುಳ್ಳು ಹೇಳುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ.

"ಒಂದೇ ಮನೇಲಿ ಇಬ್ರಿಗೂ ಆಕ್ಸುದ್ರೆ, ಇವರ ವಂಶದಲ್ಲೇ ಆ ಕಾಯ್ಲೆ ಐತೆ ಅಂತಾರೆ ಕಣೆ. ಒಬ್ಬಳಿಗಾದ್ರೂ ಆಯ್ತಲ್ಲ, ಬುಡು."

ಮೈಯೆಲ್ಲ ಉರಿಯಿತು. ಗಂಡನ ಅಕ್ಕನ ಹಾಸಿಗೆಯ ಪಕ್ಕದಲ್ಲಿ ಒಂದೇ ತಟ್ಟೆಯಲ್ಲಿ ಉಂಡವಳ ಬಾಯಲ್ಲಿ ಬಂದ ಮಾತು ಅದು. ಅತ್ತೆಯ ಎದುರಿಗೆ ಅವಳ ಮಾನ ಕಳೆಯಬಹುದಿತ್ತು. ಆದರೆ ನನಗೆ ಬೇಕಾದ್ದು ಜಗಳವಲ್ಲ, ಇಂಜೆಕ್ಷನ್. ಎರಡನೆಯದಕ್ಕೆ ಹೋಗುವಾಗ ನನ್ನ ಮಗಳನ್ನೂ ಕರೆದುಕೊಂಡು ಹೋಗಿ ಮೊದಲನೆಯದು ಹಾಕಿಸಿ, ನಾನು ಬಾಯಿ ಬಿಡುವುದಿಲ್ಲ ಎಂದು ಅಂಗಲಾಚಿದೆ. ಆಗಲಿ ಎಂದಳು. ನಂಬಿದೆ. ಇನ್ಯಾರನ್ನು ನಂಬಲಿ?

ಆ ದಿನ ಬಂತು. ದೊಡ್ಡವ್ವನ ತವರಿಗೆ ಹೋಗುತ್ತೀಯೆ ಎಂದಷ್ಟೇ ಮಗಳಿಗೆ ಹೇಳಿ, ಹಬ್ಬದ ಲಂಗ ಬ್ಯಾಗಿಗೆ ತುಂಬಿ, ಅವರ ಜೊತೆ ಬಸ್ಸಿಗೆ ಕಳಿಸಿದೆ. ಅತ್ತೆಗೂ ಹಾಗೇ ಹೇಳಿದ್ದೆ. ಬಹಳ ದಿನಗಳ ಮೇಲೆ ಅವತ್ತು ನೆಮ್ಮದಿಯಿಂದ ಒಲೆಯ ಮುಂದೆ ಕೂತಿದ್ದೆ.

ರೊಟ್ಟಿ ಬೇಯುವಷ್ಟರಲ್ಲಿ ಮಗಳು ಒಬ್ಬಳೇ ಬ್ಯಾಗು ಹಿಡಿದು ವಾಪಸ್ಸು ಬಂದಳು.

"ಬಸ್ಸಲ್ಲಿ ಜಾಗ ಇಲ್ಲ, ಮುಂದಿನ್ ಸಲ ಕರ್ಕೊಂಡೋಯ್ತೀನಿ ಅಂದ್ರು ದೊಡ್ಡವ್ವ," ಅಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು, "ಇಂದ್ಗಡೆ ಸೀಟೆಲ್ಲ ಖಾಲಿ ಇದ್ವಲ್ಲವ್ವ?"