ನೀಲವ್ವನ ಡ್ರ್ಯಾಗನ್

ಕಟಕಟ, ಕಟಕಟ. ನೀಲವ್ವ ತನ್ನ ಹಳೆಯ ಎಲಿ-ಅಡಕಿ ಚೀಲ ಅಲ್ಲಾಡಿಸುತ್ತಿದ್ದ ಸಪ್ಪಳ. ಒಳಗಿದ್ದದ್ದು ಅಡಕಿಯಲ್ಲ, ದಪ್ಪ ರಟ್ಟಿನ ಟೈಲ್ಸು. ಇವತ್ತು ಆಟದ ಬಾಕ್ಸ್ ತೆರೆದೆ, ಚೀಲಕ್ಕಿನ್ನೂ ಅಡಕಿಯ ವಾಸನೆ ಇದೆ.

ಈ ಆಟ ನಿಮಗೆ ಗೊತ್ತಿರಲಿಕ್ಕಿಲ್ಲ. ಚೀಲಕ್ಕೆ ಕೈ ಹಾಕಿ ಒಂದೊಂದೇ ಟೈಲ್ ತೆಗೆದು ಜೋಡಿಸುತ್ತ ಹೋಗಬೇಕು. ಒಂದರಲ್ಲಿ ಹೊಲ, ಒಂದರಲ್ಲಿ ದಾರಿ, ಒಂದರಲ್ಲಿ ಕೋಟೆಯ ತುಂಡು. ಮೇಲೆ ನಮ್ಮ ಕಟ್ಟಿಗೆಯ ಆಳು ನಿಲ್ಲಿಸಿ ಪಾಯಿಂಟ್ಸ್ ಗಳಿಸಬೇಕು. ಅಣ್ಣನ ಮೊಮ್ಮಗಳು ರಜೆಗೆ ಬಂದಾಗ ಬಿಟ್ಟುಹೋದದ್ದು. ನಾನು ರಿಟೈರ್ಡ್ ಇಂಗ್ಲಿಷ್ ಟೀಚರ್, ಒಬ್ಬಂಟಿ. ಸಿಂದಗಿಯ ಮಧ್ಯಾಹ್ನಗಳೋ, ಮುಗಿಯುವುದೇ ಇಲ್ಲ. ನರ್ಸ್ ಮಗಳ ಜೊತೆ ಪಕ್ಕದ ಮನೆಗೆ ಬಾಡಿಗೆ ಬಂದಿದ್ದ ಮಸೂತಿ ಊರಿನ ನೀಲವ್ವನನ್ನು ಹಿಡಿದು ಕೂಡಿಸಿದೆ.

ಚಿತ್ರ ನೋಡಿಯೇ ಕಲಿತಳು. ಆದರೆ ಒಂದು ಹಟ: ಹೊಲ ಬಂತೆಂದರೆ ಅದಕ್ಕೆ ದಾರಿ ಮುಟ್ಟಿಸಲೇಬೇಕು. ಹೊಲ ನನ್ನದಾದರೂ ಸರಿ, ಅವಳ ಪಾಯಿಂಟ್ಸ್ ಹೋದರೂ ಸರಿ.

"ಇದೆಂಥಾ ಸ್ಟ್ರ್ಯಾಟಜಿ, ನೀಲವ್ವಾ?"

"ಬಂಡಿ ಎಲ್ಲಿಂದ ಹೊಡೀತೀರಿ ಅಕ್ಕೋರ? ಮಂದಿ ಹೊಲ ತುಳದು ಹೊಕ್ಕೀರೇನು? ನಮ್ಮೂರಾಗ ಹಾದಿ ಸಲುವಾಗಿ ಅಣ್ಣ-ತಮ್ಮ ಮಾತು ಬಿಟ್ಟಾರ."

ಮರುವರ್ಷ ಮೊಮ್ಮಗಳು ಆಟಕ್ಕೆ ಸೇರಿಸಿಕೊಳ್ಳುವ ಎಕ್ಸ್‌ಪಾನ್ಶನ್ ಕಳಿಸಿದಳು: ಒಂದು ಕೆಂಪು ಡ್ರ್ಯಾಗನ್, ಒಬ್ಬಳು ಫೇರಿ. ಡ್ರ್ಯಾಗನ್ ಕಾಲಿಟ್ಟ ಟೈಲಿನ ಆಳು ಖಲಾಸ್. ಫೇರಿ ಪಕ್ಕದಲ್ಲಿದ್ದರೆ ಮಾತ್ರ ಮುಟ್ಟುವುದಿಲ್ಲ. ನೀಲವ್ವ ಫೇರಿಯನ್ನು ತಂದು ನಿಲ್ಲಿಸುತ್ತಿದ್ದುದು ನನ್ನ ಆಳಿನ ಪಕ್ಕ.

"ನಿನ್ನ ಆಳಿನ ಬಾಜೂಕ ಇಟ್ಕೋ, ಹುಚ್ಚಿ!"

"ನನಗ ಮಗಳದಾಳ್ರಿ. ನಿಮಗ್ಯಾರದಾರ?"

ಚುಚ್ಚಿತು. ಮುಂದಿನ ಸರದಿಗೆ ಡ್ರ್ಯಾಗನ್ ಅನ್ನು ನೆಟ್ಟಗೆ ಅವಳ ಆಳಿನ ಮೇಲೇ ನಡೆಸಿದೆ. "ರೂಲ್ಸ್ ಆರ್ ರೂಲ್ಸ್" ಅಂದೆ, ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಧ್ವನಿಯಲ್ಲೇ. ಅವಳು ಆಳನ್ನೆತ್ತಿ ಸೆರಗಿಗೆ ಒರೆಸಿ ಬಾಕ್ಸಿಗೆ ಹಾಕಿದಳು. "ತಿಂತು, ಬಿಡ್ರಿ." ಗೆದ್ದೆ. "ಸಾರಿ" ಎನ್ನುವುದು ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ ಶಬ್ದ. ಬಾಯಿಗೆ ಬರಲಿಲ್ಲ. ಅದೇ ವಾರ ಅವಳ ಮಗಳಿಗೆ ಮುದ್ದೇಬಿಹಾಳಕ್ಕೆ ಟ್ರಾನ್ಸ್‌ಫರ್ ಆಯಿತು.

ಮುಂದೆ ಮಗಳ ಫೋನ್ ಬಂದದ್ದು ನೀಲವ್ವ ತೀರಿಕೊಂಡು ಮಣ್ಣು ಮುಗಿದ ಮೇಲೆಯೇ. "ಅವ್ವನ ಟ್ರಂಕಿನ್ಯಾಗ ಒಂದು ಕೆಂಪು ಆಟಿಗಿ ಐತ್ರಿ. ನಿಮ್ದೇನ್ರಿ?"

"ಅಲ್ಲೇ ಇರ್ಲಿ, ತಂಗಿ."

ಇವತ್ತು ಎರಡೂ ಕಡೆ ನಾನೇ ಆಡಿದೆ. ಫೇರಿ ನನ್ನ ಆಳಿನ ಪಕ್ಕದಲ್ಲೇ ಇದ್ದಾಳೆ. ತಿನ್ನುವ ಡ್ರ್ಯಾಗನ್ನೇ ಇಲ್ಲದ ಮೇಲೆ ಪಾಪ, ಅವಳಿಗೇನು ಕೆಲಸ? ನೀಲವ್ವನ ಕಡೆಯ ಹೊಲಕ್ಕೆ ದಾರಿ ಇರಲಿಲ್ಲ. ನನ್ನ ಕೋಟೆ ಮುಗಿಸಬೇಕಿದ್ದ ಟೈಲನ್ನು ಅತ್ತ ತಿರುಗಿಸಿಟ್ಟೆ.

ನೀಲವ್ವನನ್ನು ಕಡೆಗೆ ಕಂಡದ್ದು ಅವರು ಮುದ್ದೇಬಿಹಾಳಕ್ಕೆ ಹೊರಟ ದಿನ, ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ. ಮನೆಯಿಂದ ಅಲ್ಲಿಯವರೆಗೂ ಆ ಒಂದು ಶಬ್ದವನ್ನೇ ಪ್ರ್ಯಾಕ್ಟೀಸ್ ಮಾಡುತ್ತ ಹೋಗಿದ್ದೆ. ಬಸ್ ಹೊರಟಿತು. ಕಿಟಕಿಯಿಂದ ಕೈ ಹೊರಗೆ ಚಾಚಿ ಮುಷ್ಟಿ ಬಿಚ್ಚಿದಳು. ಅಂಗೈ ಮೇಲೆ ಡ್ರ್ಯಾಗನ್.

"ಇದನ್ನ ನಾ ಒಯ್ತೇನ್ರಿ, ಅಕ್ಕೋರ! ಒಬ್ಬಾಕಿನ ಇರ್ತೀರಿ, ತಿಂದ್ರ ಬಿಡಿಸ್ಕೊಳ್ಳಾಕ ಯಾರದಾರ?"

ಎಲಿ ತಿಂದು ಕೆಂಪಾದ ಬಾಯಿ ತುಂಬ ನಕ್ಕಳು. ನಾನು ಬರೀ ಕೈ ಬೀಸಿದೆ.