ಯಾರೂ ಬಂದಿಲ್ಲ ಎಂಬ ಸಾಲು

ಕೇರಳ ರಾಜ್ಯವಾದ ಹೊಸತರಲ್ಲಿ ನಾನು ಕಾಸರಗೋಡು ಬಿಟ್ಟು ತಿರುವನಂತಪುರದ ಪೊಲೀಸ್ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಬಂದಿದ್ದೆ. ಇಪ್ಪತ್ತು ವರ್ಷ ಹಿಂದೆ ವಿಳಿಂಜಂ ಕಡೆ ಹದಿನಾರರ ಹುಡುಗಿಯೊಬ್ಬಳ ಕೊಲೆಯಾಗಿತ್ತು, ಕೊಂದವನು ಸಿಕ್ಕಿರಲಿಲ್ಲ. ಕಂಡವರಿದ್ದರೆ ಬಂದು ಹೇಳಬೇಕೆಂದು ಮೂರನೆಯ ಸಲ ಪತ್ರಿಕೆಗೆ ಪ್ರಕಟಣೆ ಕೊಡಲು ಸಾಹೇಬರು ಹೇಳಿದರು. ಕಚೇರಿಯ ಪದ್ಧತಿಯಂತೆ ಹಿಂದಿನ ಪ್ರಕಟಣೆಯನ್ನೇ ನಕಲು ಮಾಡಿದೆ. 'ಈವರೆಗೆ ಯಾವ ಸಾಕ್ಷಿಯೂ ಮುಂದೆ ಬಂದಿಲ್ಲ' ಎಂಬ ಸಾಲೂ ಅದರಲ್ಲೇ ಬಂತು.

ಎರಡು ದಿನ ಕಳೆದು ಮೀನು ಮಾರುವ ಮುದುಕಿಯೊಬ್ಬಳು ಖಾಲಿ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದಳು. ಚಹದಂಗಡಿಯಲ್ಲಿ ಯಾರೋ ಪೇಪರನ್ನು ಗಟ್ಟಿಯಾಗಿ ಓದುವಾಗ ಕೇಳಿಸಿಕೊಂಡಳಂತೆ. ಹುಡುಗಿ ಸತ್ತ ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಒಬ್ಬ ಅಂಗಿಯ ರಕ್ತ ತೊಳೆಯುತ್ತಿದ್ದದ್ದು, ಅವನ ಎಡಕಿವಿ ಹರಿದಿದ್ದದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿದಳು, ನಾನು ಬರೆದುಕೊಂಡೆ.

"ಇಷ್ಟು ವರ್ಷ ಯಾಕಮ್ಮ ಬರಲಿಲ್ಲ?" ನನ್ನ ದನಿ ಸ್ವಲ್ಪ ಗಡುಸಾಗಿಯೇ ಇತ್ತು.

"ಬಂದಿದ್ದೆ ಮೋನೇ," ಮಗನನ್ನು ಕರೆಯುವಂತೆಯೇ ಕರೆದಳು. "ಹಿಂದೆ ಕರೆದಾಗ ಎರಡು ಸಲವೂ ಬಂದಿದ್ದೆ."

ಕಡತದ ಗಂಟು ಬಿಚ್ಚಿದೆ. ತಳದಲ್ಲಿ ಎರಡು ಹೇಳಿಕೆಗಳಿದ್ದವು, ಎರಡರಲ್ಲೂ ಅವಳ ಹೆಬ್ಬೆಟ್ಟು. ಬಾವಿಕಟ್ಟೆ, ಅಂಗಿ, ಎಡಕಿವಿ. ಒಂದು ಮಾತೂ ಆಚೀಚೆ ಆಗಿರಲಿಲ್ಲ. ನಾನು ಎದ್ದು ನನ್ನ ಕುರ್ಚಿಯನ್ನೇ ಅವಳಿಗೆ ಕೊಟ್ಟೆ. ಸಾಹೇಬರು ಮೂರನ್ನೂ ಒಟ್ಟಿಗಿಟ್ಟು ಓದಿ, ಅಂದೇ ವಿಳಿಂಜಂಗೆ ಜೀಪು ಕಳಿಸಿದರು.

ಬುಟ್ಟಿ ಎತ್ತಿಕೊಳ್ಳುತ್ತ ಅವಳು ಕೇಳಿದಳು: "ಯಾರೂ ಬಂದಿಲ್ಲ ಅಂತ ಪೇಪರಿಗೆ ಬರೆದದ್ದು ಯಾರು ಮೋನೇ?"

ಆ ವಿಷಯದಲ್ಲಿ ಮಾತ್ರ ಈವರೆಗೆ ಯಾವ ಸಾಕ್ಷಿಯೂ ಮುಂದೆ ಬಂದಿಲ್ಲ.